ಚರ್ಮದ ವಾಷರ್

ವೇದಾವತಿಯಮ್ಮ ಬಾಯಿಗೆ ಹಾಕಿದ ನೀರನ್ನು ಅಂಗಳಕ್ಕೆ ಉಗುಳಿ, "ಇದೆಂತ ವನಜಾಕ್ಷಿ, ನೀರು ಉಪ್ಪುಪ್ಪು?" ಎಂದರು.

ಸೊಸೆ ವನಜಾಕ್ಷಿ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು, "ಬೇಸಿಗೆ ಅಲ್ವಾ ಅತ್ತೆ" ಎಂದಳು.

"ನಿನ್ನೆಯೂ ಬೇಸಿಗೆಯೇ ಇತ್ತು."

ಕಾಪುವಿನಲ್ಲಿ ಕಡಲಿಗೆ ಹತ್ತಿರದ ಬಾವಿಗಳು ಏಪ್ರಿಲ್ ಬಂತೆಂದರೆ ಉಪ್ಪಾಗುತ್ತವೆ, ತಳದ ಕೆಸರೂ ಕೊಡಕ್ಕೆ ಬರುತ್ತದೆ. ಆದರೆ ಈ ಸಲ, ಎಂಬತ್ಮೂರನೇ ಇಸವಿಯಲ್ಲಿ, ತಮ್ಮ ಬಾವಿಯ ನೀರು ಮಾತ್ರ ಎಳನೀರಿನ ಹಾಗೆ ಉಂಟೆಂದು ವೇದಾವತಿಯಮ್ಮ ಬಂದವರಿಗೆಲ್ಲ ಹೇಳಿ, ಒಂದೊಂದು ಲೋಟ ಕುಡಿಸಿಯೂ ಕಳಿಸಿದ್ದರು.

ರಸ್ತೆ ಬದಿಯಲ್ಲಿ ಸರಕಾರ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿತ್ತು. ಈ ದಶಕ ಮುಗಿಯುವುದರೊಳಗೆ ಲೋಕಕ್ಕೆಲ್ಲ ಶುದ್ಧ ನೀರು ಎಂದು ರೇಡಿಯೋದಲ್ಲಿಯೂ ಬಂದಿತ್ತು. ವೇದಾವತಿಯಮ್ಮ ಲೋಕದ ದಾರಿಗೆ ಅಡ್ಡ ಬರಲಿಲ್ಲ. ಪಂಪಿನ ಹೊಟ್ಟೆಯಲ್ಲಿ ಚರ್ಮದ ವಾಷರ್ ಉಂಟು, ಚರ್ಮ ತಾಗಿದ ನೀರು ಮಡಿಗೆ ಬರುವುದಿಲ್ಲ, ಹಾಗಾಗಿ ತಮ್ಮ ಅಡುಗೆಮನೆಗೆ ಬೇಡ ಎಂದರು, ಅಷ್ಟೇ. ಆಮೇಲೆ ಬಾವಿಯ ನೀರು ಕುಡಿದು ಮಗುವಿಗೆ ವಾಂತಿಭೇದಿ ಹಿಡಿಯಿತು. ಆ ನೀರನ್ನು ಮಗುವಿಗೆ ತೋರಿಸಲೂ ಬೇಡಿ ಎಂದರು ಡಾಕ್ಟರು. ಅಂದಿನಿಂದ ವನಜಾಕ್ಷಿ, ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಪಂಪಿನ ನೀರು ತಂದು, ಬಾವಿಯದ್ದೆಂದು ಒಳಗಿಡುತ್ತಿದ್ದಳು. ಮಗು ಚೇತರಿಸಿಕೊಂಡಿತು. ಅತ್ತೆಯೂ ಒಂದು ಸುತ್ತು ದಪ್ಪಗಾಗಿದ್ದರು.

ಅಷ್ಟರಲ್ಲಿ ಪಂಪಿನ ಎದುರುಮನೆಯ ಆಯಿಶಮ್ಮ ಬೇಲಿಯಾಚೆಯಿಂದ ಕೂಗಿದರು. "ವನಜಾಕ್ಷೀ, ರಿಪೇರಿಗೆ ಮೌರಿಸ್ ಬಂದಿದ್ದಾನೆ. ಸಂಜೆಗೆ ಪಂಪು ಸರಿಯಾಗ್ತದಂತೆ. ನಿನ್ನ ಕೊಡ ನನ್ನ ಜಗಲಿಯಲ್ಲೇ ಉಂಟು!"

ವೇದಾವತಿಯಮ್ಮ ಸೆರಗು ಬಿಗಿದು ರಸ್ತೆಗೆ ಇಳಿದರು. ವನಜಾಕ್ಷಿ ಹಿಂದೆಯೇ ಓಡಿದಳು. ಬೈಗುಳ ಅವಳಿಗೆ ಹೊಸದಲ್ಲ. ಮಗುವಿಗೆ ಮತ್ತೆ ಅದೇ ಕೆಸರು ನೀರು ಎಂಬುದೇ ಅವಳ ಹೆದರಿಕೆ.

ಪಂಪು ಬಿಚ್ಚಿ ಕೂತಿದ್ದ ಮೌರಿಸ್, ಬರುತ್ತಿರುವವರನ್ನು ಕಂಡು ಹಳೆಯ ವಾಷರನ್ನು ಬೆನ್ನ ಹಿಂದೆ ಹಿಡಿದ. "ರಬ್ಬರು ಅಮ್ಮ, ಪೂರಾ ರಬ್ಬರು."

"ಶುಕ್ರವಾರ ಬೆಳಿಗ್ಗೆ ಬೆಳಿಗ್ಗೆ ಸುಳ್ಳು ಹೇಳಬೇಡ ಮಾರಾಯ. ತೋರಿಸು."

ಅವನು ಅಂಗೈಯಲ್ಲಿಟ್ಟು ತೋರಿಸಿದ. ವೇದಾವತಿಯಮ್ಮ ಮಾರುದೂರದಲ್ಲಿ ನಿಂತು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಬಗ್ಗಿ ನೋಡಿದರು.

"ದನದ್ದಾ?"

ಮೌರಿಸ್ ಆಯಿಶಮ್ಮನ ಮುಖ ನೋಡಿದ. ಆಯಿಶಮ್ಮ ಆಕಾಶ ನೋಡಿ, "ಕೋಣನದ್ದಿರಬೇಕು" ಎಂದರು.

"ಪೂರಾ ಸವೆದಿದೆ. ಹಾಕುವಾಗ ಸ್ವಲ್ಪ ದಪ್ಪದ್ದೇ ಹಾಕು, ಮಳೆ ಹಿಡಿಯುವವರೆಗಾದರೂ ಬರಲಿ" ಎಂದು ಮೌರಿಸನಿಗೆ ಹೇಳಿ ವೇದಾವತಿಯಮ್ಮ ಮನೆಯ ಕಡೆ ತಿರುಗಿದರು. ಆಯಿಶಮ್ಮನ ಜಗಲಿಯಲ್ಲಿದ್ದ ತಮ್ಮ ತಾಮ್ರದ ಕೊಡ ಕಣ್ಣಿಗೆ ಬಿತ್ತು.

"ವನಜಾಕ್ಷಿ, ಇದು ಸಣ್ಣದಾಯಿತು. ಸಂಜೆ ಬಾವಿಗೆ ಹೋಗುವಾಗ ದೊಡ್ಡ ಕೊಡ ತೆಗೆದುಕೊಂಡು ಹೋಗು."