ಸೊಂಟದ ಪಾಳಿ

ಆ ಊರಿನಲ್ಲಿ ಸೊಂಟ ಕೆಟ್ಟ ಇಬ್ಬರಿಗೆ, ಇಬ್ಬರೂ ಬದುಕಿರುವವರೆಗೆ, ಒಂದೇ ಸೊಂಟದ ಬಲವನ್ನು ಹಂಚಿಕೊಡುತ್ತಿದ್ದರು. ನಿವೃತ್ತ ಸುಬೇದಾರ್ ಉತ್ತಯ್ಯನ ಪಾಳಿ ಬೆಳಿಗ್ಗೆ ಆರರಿಂದ ಏಳು. ಗಾಲ್ಫ್ ಸ್ವಿಂಗ್ ಕುದುರುವಷ್ಟರಲ್ಲಿ ಏಳಾಗಿ, ಅವನ ಸೊಂಟ ಮರಗಟ್ಟಿ, ಬಲವೆಲ್ಲ ಇನ್ನೊಬ್ಬರ ಮೈಗೆ ಹೋಗಿಬಿಡುತ್ತಿತ್ತು. ಅವರು ಯಾರೆಂದು ತಿಳಿಸುವ ಪದ್ಧತಿಯಿರಲಿಲ್ಲ. ಸೋಮವಾರ ರಾಶಿ ಬಟ್ಟೆ ಒಗೆಯುತ್ತಿದ್ದರೋ ಏನೋ, ಪ್ರತಿ ಮಂಗಳವಾರ ಬಲ ಅವನಿಗೆ ಮರಳುವಾಗ ಸೊಂಟದ ಎಡಭಾಗ ನೋಯುತ್ತಿತ್ತು. ಒಂಟಿ ಉತ್ತಯ್ಯನಿಗೆ ಬೇರೊಂದು ಮನೆಯಿಂದ ಬರುತ್ತಿದ್ದ ಸುದ್ದಿ ಅದೊಂದೇ.

ಅಂದು ಚೆಂಡು ನೇರವಾಗಿ ಹಾರಿತು. ಮುಂದಿನದೂ ಹಾಗೆಯೇ.

"ಏನ್ ಹೊಡ್ತ ಸಾರ್!" ಎಂದ ಗಾಲ್ಫ್ ಚೀಲ ಹೊರುವ ಕ್ಯಾಡಿ ರಜಾಕ್. "ಎಂಟೂಕಾಲಾಯ್ತು, ಸೊಂಟ ಇನ್ನೂ ನಿಮ್ಮತ್ರಾನೇ ಇದೆ. ಪೂರ್ತಿ ನಿಮ್ದೇ ಆಗೋಯ್ತಾ?"

ಉತ್ತಯ್ಯ ಗಡಿಯಾರ ನೋಡಿದ. ಸೊಂಟದ ಎಡಭಾಗವನ್ನು ಒತ್ತಿ ನೋಡಿಕೊಂಡು, ಮೆಲ್ಲಗೆ ಹುಲ್ಲಿನ ಮೇಲೆ ಕೂತ.

"ಯಾಕ್ ಸಾರ್, ನೋವಾ?"

"ಇಲ್ಲ ರಜಾಕ್, ಒಂಚೂರೂ ಇಲ್ಲ. ಇವತ್ತು ಮಂಗಳವಾರ ಅಲ್ವಾ?"