ಮಟ್ಟ ಮೊದಲಿನಂತೆಯೇ ಇದೆ

ಹೆಂಗಸು ಸುಳ್ಳು ಹೇಳುತ್ತಿದ್ದಾಳೆ. ಗುಮಾಸ್ತನಿಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಕಂಕುಳಲ್ಲಿದ್ದ ದಾಖಲೆ ಪುಸ್ತಕವನ್ನು ಕೈಗೆ ತೆಗೆದುಕೊಂಡೇ ಅವನು ಕದ ತಟ್ಟಿದ.

ಈ ಮನೆಯ ಕೊಳವೆ ಬಾವಿ ಕೊರೆದದ್ದು ಅವನ ಕಂಪನಿ. ರಿಪೇರಿಯೂ ಕಂಪನಿಯದೇ, ಪುಕ್ಕಟೆ. ಪುಸ್ತಕದಲ್ಲಿ ತಿಂಗಳು ತಪ್ಪದೆ ಒಂದೇ ದೂರು: ನೀರು ಇಳಿದಿದೆ ಎಂದು ಫೋನ್ ಬಂತು. ಮೆಕ್ಯಾನಿಕ್ ಹೋಗಿ ಟೇಪು ಇಳಿಸಿ ನೋಡಿದರೆ, ಮಟ್ಟ ಮೊದಲಿನಂತೆಯೇ ಇದೆ. ದೂರು, ಅಳತೆ ಎರಡನ್ನೂ ಪುಸ್ತಕಕ್ಕೆ ಏರಿಸುವವನು ಆ ಮೆಕ್ಯಾನಿಕ್ಕೇ. ಹೆಂಡತಿ ತೀರಿಹೋದ ಮೇಲೆ ತುಟಿ ಬಿಚ್ಚದ ಅವನಿಗೆ ಆಫೀಸಿನಲ್ಲಿ ಮೌನಪ್ಪ ಎಂದೇ ಹೆಸರು.

ಬಾಗಿಲು ತೆರೆದ ದರ್ಜಿ ಹೆಂಗಸು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಳು. ಒಂದೇ ಕೋಣೆ. ಹಿತ್ತಿಲಲ್ಲಿ ಬಾವಿಯ ಪಕ್ಕ ಒಂದು ಕುರ್ಚಿ.

"ಬಾವೀಲಿ ಬೇಕಾದಷ್ಟು ನೀರಿದೆ. ತಿಂಗಳು ತಿಂಗಳೂ ನಮ್ಮವರನ್ನ ಕರೆಸ್ಕೊಳ್ಳೋದು ಯಾಕಮ್ಮಾ?"

"ಕರೆಸ್ಕೊಳ್ಳೋದಾ?"

"ಇಲ್ಲಾ, ಅವರೇ ಕರೀದೆ ಬರ್ತಾರಾ? ಹಾಗಿದ್ರೆ ಹೇಳ್ಬಿಡಿ. ಮಾಲೀಕರು ಇವತ್ತೇ ಅವರನ್ನ ಮನೆಗೆ ಕಳಿಸ್ತಾರೆ."

ಯಂತ್ರದ ಚಕ್ರದ ಮೇಲೆ ಆಕೆಯ ಕೈ ತುಸು ಹೊತ್ತು ನಿಂತಿತು.

"ನಾನೇ ಕರೆದೆ ಕಣಪ್ಪ. ಒಂಟಿ ಜೀವ. ಮಾತಿಗೊಬ್ಬರು ಬೇಡ್ವಾ?"

"ಅದಕ್ಕೆ ನಮ್ಮ ಮೌನಪ್ಪನೇ ಬೇಕಿತ್ತಾ? ಗೋಡೆ ಹತ್ರ ಮಾತಾಡಿದ್ರೆ ಅದಾದ್ರೂ ಹೂಂ ಅಂದೀತು."

ಆಕೆ ನಕ್ಕಳು. "ಆ ಕುರ್ಚೀಲಿ ಕೂತ್ರೆ ಅವರ ಬಾಯಿಗೆ ಬೀಗ ಇಲ್ಲ. ಅವರ ಹೆಂಡ್ತಿ ಆಡ್ತಿದ್ದ ಜಗಳ ಎಲ್ಲಾ ನಂಗೀಗ ಬಾಯಿಪಾಠ."

"ಮುಂದಿನ ತಿಂಗಳಿಂದ ಯಾರೂ ಬರಲ್ಲ."

"ಪಂಪು ಕೆಟ್ರೆ?"

"ಆಗ್ಲೂ ಇಲ್ಲ. ನಿಮ್ಮ ಸುಳ್ಳಿಗೆ ನೀವೇ ಹೊಣೆ."

ಆಕೆ ಬಟ್ಟೆಯ ಅಂಚು ಮಡಚಿದಳು. "ಆಗ್ಲಿ. ಅವರಿಗೇನೂ ತೊಂದ್ರೆ ಆಗಲ್ಲ ತಾನೆ?"

"ಅವರದೇನು ತಪ್ಪು?" ಗುಮಾಸ್ತ ಪುಸ್ತಕ ಬಿಚ್ಚಿ ಖಾಲಿ ಖಾನೆಯ ಮೇಲೆ ಪೆನ್ನಿಟ್ಟ. "ನಿಮ್ಮ ನಂಬರ್ ಹೇಳಿ. ದೂರು ಕೊಟ್ಟಿದ್ದು ನಿಜಾನಾ ಅಂತ ಮಾಲೀಕರೇ ಒಂದ್ಸಲ ಫೋನ್ ಮಾಡಿ ಕೇಳ್ತಾರಂತೆ."

"ನನ್ನ ಹತ್ರ ಫೋನೆಲ್ಲಿದೆಯಪ್ಪಾ" ಎಂದವಳು ನಾಲಿಗೆ ಕಚ್ಚಿಕೊಂಡಳು.

ಗುಮಾಸ್ತ ಒಮ್ಮೆ ಹಿತ್ತಿಲಿನ ಕುರ್ಚಿಯ ಕಡೆ ನೋಡಿದ. ಆಮೇಲೆ ಆ ಖಾನೆಯಲ್ಲಿ ತನ್ನದೇ ನಂಬರ್ ಬರೆದ.