ಕೋಟಿನ ಮೇಲಿನ ಕೋತಿ

ಪರ್ಪೆಚುವಾ ಸಿಂಹದ ತಲೆ ಕಿತ್ತಳು. ಆಮೇಲೆ ಬಾಲ, ಆಮೇಲೆ ಪಂಜ. ಹಸಿರು ಕೋಟಿನ ಎದೆಯಿಂದ ಚಿನ್ನದ ಬಣ್ಣದ ದಾರ ಕರುಳಿನಂತೆ ಹೊರಬಂತು. ದೋಹಾದ ಇಂಡಸ್ಟ್ರಿಯಲ್ ಏರಿಯಾದ ಆ ಕಸೂತಿ ಅಂಗಡಿಯಲ್ಲಿ ಅಂಥ ಬೇಟೆ ಹಿಂದೆ ನಡೆದಿರಲಿಲ್ಲ, ಮುಂದೆ ನಡೆಯುವುದೂ ಇಲ್ಲ.

"ಅಯ್ಯೋ ಪರ್ಪೆಚುವಕ್ಕ, ಸಿಂಹ ಚಂದ ಇತ್ತಲ್ಲ!" ಎಂದಳು ಜೊತೆಗಾತಿ ಸಾಲಿಹಾ. ಅದನ್ನು ಇಂಟರ್ನೆಟ್ಟಿನಿಂದ ಇಳಿಸಿದವಳು ಅವಳೇ. ಅಲ್ಲಿ ಯಾವ ಐರಿಷ್ ಮನೆತನದ ಹೆಸರು ಹೊಡೆದರೂ ಒಂದು ಗುರಾಣಿ, ಮೇಲೊಂದು ಸಿಂಹ ರೆಡಿ.

"ಇವನಿಗೆಂತಕ್ಕೆ ಸಿಂಹ? ಕೋತಿ ಸಾಕು."

"ಕೋತಿಯಾ? ನಿಮ್ಮ ಕೆಲಸ ಹೋಗ್ತದೆ ನೋಡಿ!"

"ಹೋಗ್ಲಿ. ಖಲಾಸ್."

ಕೋಟು ಫಿಟ್ಜ್‌ಜೆರಾಲ್ಡ್ ಸಾಹೇಬನದು. ಐರಿಷರ ಹಬ್ಬದೂಟಕ್ಕೆ ಎದೆಯ ಮೇಲೆ ಮನೆತನದ ಲಾಂಛನ ಬೇಕಂತೆ. ಆರ್ಡರ್ ಕೊಡಲು ಬಂದವನು ಒಂದು ಯುಗ ಕೊಚ್ಚಿಕೊಂಡಿದ್ದ: ಫಿಟ್ಜ್ ಎಂದರೆ ಮಗ, ಫಿಟ್ಜ್‌ಜೆರಾಲ್ಡ್ ಎಂದರೆ ಜೆರಾಲ್ಡನ ಮಗ, ನಾರ್ಮನ್ನರ ಕಾಲದ ಹೆಸರು. ಇಷ್ಟು ಶತಮಾನವಾದರೂ ಅಪ್ಪನ ಹೆಸರೇ ಗತಿ, ಸ್ವಂತದ್ದೇನೂ ಇಲ್ಲ ಎಂದು ಪರ್ಪೆಚುವಾ ಮನಸ್ಸಿನಲ್ಲೇ ಉಗಿದಿದ್ದಳು. ತಾನು ಯಾರ ಹೆಂಡತಿ ಎಂದು ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಅವಳ ಗಂಡ ಸೆಲೆಸ್ಟಿನ್, ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಇದೇ ಸಾಹೇಬನ ಕೈಕೆಳಗೆ ದುಡಿದವನು. ಒಂದು ದಿನ ಸೈಟಿನ ಅಟ್ಟಣಿಗೆಗೆ ಬೆಂಕಿ ಬಿತ್ತು. ಮೇಲೆ ಸಿಕ್ಕಿಬಿದ್ದ ಸಾಹೇಬನನ್ನು ಸೆಲೆಸ್ಟಿನ್ ಹೆಗಲ ಮೇಲೆ ಹೊತ್ತು, ಪೈಪು ಹಿಡಿದು ಇಳಿಸಿದ. ಹಾರ ಹಾಕಬೇಕಾದ ಗಳಿಗೆ. ಸಾಹೇಬ ಮಾಡಿದ್ದೇನು? ಇಡೀ ಕತಾರೇ ನೆರೆದಂತಿದ್ದ ಜನರೆದುರು, "ಮಂಕಿ! ಯೂ ಆರ್ ಮೈ ಮಂಕಿ!" ಎಂದು ಕೂಗಿದ.

"ಬಿಡು ಮಾರಾಯ್ತಿ, ಅವನ ಕಣ್ಣಲ್ಲಿ ನೀರಿತ್ತು" ಎಂದಿದ್ದ ಸೆಲೆಸ್ಟಿನ್.

"ಹೊಗೆಗೆ ಎಮ್ಮೆ ಕಣ್ಣಲ್ಲೂ ನೀರು ಬರ್ತದೆ."

ಮರುದಿನವೇ ರಾಜೀನಾಮೆ. ಈಗ ಅವನು ಹಮದ್ ಬಂದರಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ಅವನ ಬೆನ್ನಿಗೆ ಎಣ್ಣೆ ತಿಕ್ಕುವಾಗ ಅವಳಿಗೆ ಬರುವ ಸಿಟ್ಟಿನ ಮುಂದೆ ದೋಹಾದ ಬೇಸಿಗೆ ಬರೀ ಏರ್‌ಕಂಡೀಷನ್.

ಕೋತಿ ಹುಟ್ಟಿತು. ಹಲ್ಲು ಕಿರಿದ ಕೋತಿ. ಅದೂ ಸಾಲದೆಂದು ಬೀದಿಯಲ್ಲಿ ಆಡಿಸುವ ಕೋತಿಗೆ ಕಟ್ಟಿದಂತೆ ಸೊಂಟಕ್ಕೊಂದು ಸರಪಳಿ ಹೊಲಿದಳು. ಹಬ್ಬದೂಟದ ಹೊತ್ತಿಗೆ ತಾನೇ ಕಡಲತೀರದ ಹೋಟೆಲಿಗೆ ಒಯ್ದು, ಅತಿಥಿಗಳ ನಡುವೆ ಅವನಿಗೆ ಕೋಟು ತೊಡಿಸಿದಳು. ಕನ್ನಡಿಗಿಂತ ಮೊದಲು ಜನ ನೋಡಲಿ!

ಸಾಹೇಬ ತಗ್ಗಿ ಎದೆ ನೋಡಿಕೊಂಡ. ಕಡಲಿನ ಅಲೆಗಳೂ ಉಸಿರು ಹಿಡಿದವು.

ಅವನು ಗಳಗಳ ಅತ್ತುಬಿಟ್ಟ.

"ನಿನಗೆ ಯಾರು ಹೇಳಿದರು? ಲೋಕದ ಅಂಗಡಿಗಳೆಲ್ಲ ಸಿಂಹ ಹಾಕಿ ಕೊಡುತ್ತವೆ. ನಮ್ಮದು ಕೋತಿ! ಅದೂ ಸರಪಳಿ ಸಮೇತ!"

ಹಿಂದೆ ಕೋಟೆಗೆ ಬೆಂಕಿ ಬಿದ್ದಾಗ ಮನೆತನದ ಕೂಸನ್ನು ಎತ್ತಿಕೊಂಡು ಹೋಗಿ ಉಳಿಸಿದ್ದು ಸಾಕಿದ ಕೋತಿಯಂತೆ. ಅಂದಿನಿಂದ ಅದು ಲಾಂಛನದ ನೆತ್ತಿಯ ಮೇಲೆ.

"ಕೋತಿಯೆಂಬ ಆ ಹೆಸರಿಗೆ ತಕ್ಕವನು ಜನ್ಮದಲ್ಲಿ ಒಬ್ಬನೇ ಸಿಕ್ಕಿದ್ದ," ಎಂದ ಸಾಹೇಬ ಮೂಗೊರೆಸಿಕೊಳ್ಳುತ್ತಾ. "ಫೋರ್‌ಮನ್ ಮಾಡಬೇಕೆಂದಿದ್ದೆ. ಮರುದಿನವೇ ಕೆಲಸ ಬಿಟ್ಟ. ಯಾಕೆಂದು ಇಂದಿಗೂ ತಿಳಿಯಲಿಲ್ಲ."

ಪರ್ಪೆಚುವಾಳಿಗೆ ತಿಳಿದಿತ್ತು: ಬೇಡ ಬೇಡವೆಂದು ಗೋಗರೆದ ಗಂಡನ ಕೈಗೆ ಪೆನ್ನು ತುರುಕಿ ರಾಜೀನಾಮೆ ಬರೆಸಿದವಳು ಅವಳೇ.